ಕೆಲಸ ಕಣ್ಣೆದುರಿದೆ, ಮಾಡಿದವರು ಯಾರೋ ಗೊತ್ತಿಲ್ಲ

ಲಂಡನ್ನಿಗೆ ಬರುವ ನೆಂಟರಿಗೆಲ್ಲ ಬಕಿಂಗ್‌ಹ್ಯಾಮ್ ಅರಮನೆ ತೋರಿಸಲೇಬೇಕು. ಟ್ರಫಾಲ್ಗರ್ ಚೌಕದಿಂದ ಅಲ್ಲಿಗೆ ಹೋಗುವ ರಸ್ತೆಯ ಹೆಸರು ದಿ ಮಾಲ್. ನಡೆಯುತ್ತಾ ಹೋದರೆ ಬಲಗಡೆ ಉದ್ದಕ್ಕೆ ಕಂಬಗಳಿರುವ ಬಿಳಿ ಕಟ್ಟಡ ಸಿಗುತ್ತದೆ. ಅದರಲ್ಲೇ ಐಸಿಎ ಎಂಬ ಕಲಾ ಸಂಸ್ಥೆ ಇರುವುದು. ಎಲ್ಲರ ಕಣ್ಣೂ ಅರಮನೆ ಮೇಲೆ. ನಾನು ಮಾತ್ರ ಇಲ್ಲೇ ನಿಲ್ಲಿಸಿ ಕಥೆ ಶುರು ಮಾಡುತ್ತೇನೆ. ನೆಂಟರು ಪಾಪ, ಸುಮ್ನೆ ತಲೆ ಆಡಿಸುತ್ತಾರೆ.

ಕಥೆ ಯಾಶಾ ರೈಕಾರ್ಟ್ ಎಂಬ ಕ್ಯುರೇಟರ್‌ದು, ಅಂದರೆ ಕಲಾ ಪ್ರದರ್ಶನಗಳನ್ನು ರೂಪಿಸುವವರದು. ಹುಟ್ಟಿದ್ದು 1933ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ನಾಜಿಗಳ ಕಾಲದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. 1946ರಲ್ಲಿ ಲಂಡನ್ನಿನ ಬಂಧುಗಳ ಮನೆ ಸೇರಿದರು. ಆ ಮನೆಯಲ್ಲಿ ಒಬ್ಬರು ಚಿತ್ರ ಬರೆಯುವವರು, ಇನ್ನೊಬ್ಬರು ಲೇಖಕರು. 1963ರ ಹೊತ್ತಿಗೆ ಯಾಶಾ ಐಸಿಎಯ ಸಹಾಯಕ ನಿರ್ದೇಶಕಿ.

1965ರಲ್ಲಿ ಮ್ಯಾಕ್ಸ್ ಬೆನ್ಸೆ ಎಂಬ ಜರ್ಮನ್ ತತ್ತ್ವಜ್ಞಾನಿ ಸಿಕ್ಕಾಗ, ಮುಂದೇನು ಮಾಡಲಿ ಎಂದು ಯಾಶಾ ಕೇಳಿದರಂತೆ. ಕಂಪ್ಯೂಟರ್ ಕಡೆ ನೋಡಿ ಅಂದರು ಅವರು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಕಾಲೇಜು, ಕಂಪನಿ, ಮಿಲಿಟರಿ ಬಿಟ್ಟರೆ ಬೇರೆಯವರ ಕೈಗೆ ಸಿಗುತ್ತಿರಲಿಲ್ಲ. ಯಾಶಾ ವಿಜ್ಞಾನಿಯೂ ಅಲ್ಲ. ಆದರೂ ಬಿಡಲಿಲ್ಲ. ಯಾರ್ಯಾರು ಏನೇನು ಮಾಡುತ್ತಿದ್ದಾರೆಂದು ಹುಡುಕುತ್ತಾ, ದುಡ್ಡು ಹೊಂದಿಸುತ್ತಾ ಮೂರು ವರ್ಷ ಕಳೆದವು. 1968ರ ಆಗಸ್ಟ್ 2ರಂದು ಈ ಬಿಳಿ ಕಟ್ಟಡದಲ್ಲಿ ಕಂಪ್ಯೂಟರ್ ಮತ್ತು ಕಲೆ ಸೇರಿದ ‘ಸೈಬರ್ನೆಟಿಕ್ ಸೆರೆಂಡಿಪಿಟಿ’ ಪ್ರದರ್ಶನ ತೆರೆಯಿತು. ಅಕ್ಟೋಬರ್ 20ರವರೆಗೆ ನಡೆಯಿತು.

ಅಲ್ಲಿದ್ದ ವಸ್ತುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಸ್ಯಾಮ್’. ಮಾಡಿದವರು ಎಡ್ವರ್ಡ್ ಇಹ್ನಾಟೊವಿಚ್. ಅಲ್ಯೂಮಿನಿಯಂ ತುಂಡುಗಳನ್ನು ಬೆನ್ನುಮೂಳೆಯ ಹಾಗೆ ಒಂದರ ಮೇಲೊಂದು ಜೋಡಿಸಿದ ಕಂಬ. ತುದಿಯಲ್ಲಿ ಅರಳಿದ ಹೂವಿನ ಆಕಾರದ ಫೈಬರ್‌ಗ್ಲಾಸ್ ತಲೆ. ಅದರಲ್ಲಿ ನಾಲ್ಕು ಮೈಕು. ಶಬ್ದ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಲೆಕ್ಕ ಹಾಕಿ ಹೈಡ್ರಾಲಿಕ್ ಬಲದಿಂದ ಆ ಕಡೆ ಬಾಗುತ್ತಿತ್ತು. ಕೂಗಿದರೆ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ. ಮೆಲ್ಲಗೆ, ಒಂದೇ ಸಮನೆ ಮಾತಾಡಿದರೆ ತಿರುಗಿ ನೋಡುತ್ತಿತ್ತು. ಅದನ್ನು ಒಲಿಸಿಕೊಳ್ಳಲು ಜನ ಗಂಟೆಗಟ್ಟಲೆ ಎದುರು ನಿಂತು ಗುನುಗುತ್ತಿದ್ದರಂತೆ.

ಪಕ್ಕದಲ್ಲೇ ಇನ್ನೇನೇನೋ. ಗಾರ್ಡನ್ ಪಾಸ್ಕ್ ಮಾಡಿದ ‘ಗಂಡು’ ‘ಹೆಣ್ಣು’ ಯಂತ್ರಗಳು ಸೂರಿನಿಂದ ನೇತಾಡುತ್ತಾ ಬೆಳಕಿನಲ್ಲಿ ಮಾತಾಡಿಕೊಳ್ಳುತ್ತಿದ್ದವು. ಎಂಜಿನಿಯರಿಂಗ್ ಓದಿದ್ದ ವೆನ್-ಯಿಂಗ್ ತ್ಸಾಯ್ ಅವರ ಉಕ್ಕಿನ ಕಡ್ಡಿಗಳು ಚಪ್ಪಾಳೆಗೆ ತಾಳ ಬದಲಿಸುವಂತೆ ಕಾಣುತ್ತಿದ್ದವು. ಪೀಟರ್ ಜಿನೊವಿಯೆಫ್ ಅವರ ಕಂಪ್ಯೂಟರ್ ಮುಂದೆ ಸಿಳ್ಳೆ ಹೊಡೆದರೆ ಆ ರಾಗವನ್ನು ಹಿಡಿದು ಬೆಳೆಸುತ್ತಿತ್ತು.

ಯಾಶಾ ಅವರ ನಿಜವಾದ ಜಾಣತನ ಇರುವುದು ಬೇರೆ ಕಡೆ. ಇದನ್ನು ಮಾಡಿದವರು ಕಲಾವಿದರೋ ಎಂಜಿನಿಯರೋ ಗಣಿತದವರೋ, ಬರೆದಿಟ್ಟ ವಿವರ ಓದದ ಹೊರತು ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ ಅನ್ನುವುದು ಅವರ ನಿಲುವು. ಎಷ್ಟು ಸಣ್ಣ ವಿಷಯ ಅಲ್ವಾ? ನಾನು ಇಲ್ಲಿ ಕೆಲಸ ಮಾಡುವುದು ಸಾಫ್ಟ್‌ವೇರ್‌ನಲ್ಲಿ. ನಮ್ಮಲ್ಲಿ ಮೀಟಿಂಗ್ ಶುರುವಾಗುವುದೇ ಯಾರು ಡಿಸೈನಿನವರು, ಯಾರು ಕೋಡಿನವರು ಅನ್ನುವುದರಿಂದ. ಅಲ್ಲಿಗೆ ಯಾರ ಮಾತಿಗೆ ಎಷ್ಟು ಬೆಲೆ ಅಂತ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಕಲೆ ಮತ್ತು ವಿಜ್ಞಾನವನ್ನು ಬೆಸೆಯುತ್ತೇವೆ ಎಂದು ಈಗ ಪ್ರತಿ ಗ್ಯಾಲರಿಯೂ ಹೇಳುತ್ತದೆ. ಹೆಚ್ಚಿನ ಕಡೆ ಅದು ಚಂದದ ಪರದೆ ಮೇಲೆ ಓಡುವ ಬಣ್ಣ ಅಷ್ಟೆ.

ಹಾಗಂತ ಆ ಪ್ರದರ್ಶನ ಎಲ್ಲ ರೀತಿಯಲ್ಲೂ ಸರಿ ಅಂತ ನಾನು ಹೇಳಲಾರೆ. ಐಬಿಎಂ, ಬೋಯಿಂಗ್‌ನಂಥ ದೊಡ್ಡ ಕಂಪನಿಗಳ ಹೆಸರೂ ಅಲ್ಲಿದ್ದವು. ವಿಯೆಟ್ನಾಂ ಯುದ್ಧ ಜೋರಾಗಿದ್ದ ವರ್ಷ ಅದು. ಅದೇ ಕಂಪ್ಯೂಟರುಗಳು ಯುದ್ಧಕ್ಕೂ ದುಡಿಯುತ್ತಿದ್ದವು. ಪ್ರದರ್ಶನ ಆ ಮಾತೇ ಎತ್ತಲಿಲ್ಲ ಎಂಬ ಟೀಕೆ ಬಂತು. ಟೀಕೆಯಲ್ಲಿ ಹುರುಳಿದೆ.

ಮುಂದೆ ಪ್ರದರ್ಶನ ಅಮೆರಿಕಕ್ಕೆ ಹೋಯಿತು. ಮೊದಲು ವಾಷಿಂಗ್ಟನ್ನಿನ ಕಾರ್ಕೊರನ್ ಗ್ಯಾಲರಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗಷ್ಟೇ ಶುರುವಾಗಿದ್ದ ಎಕ್ಸ್‌ಪ್ಲೊರೇಟೋರಿಯಂ. ಯಾಶಾ 1974ರಿಂದ 76ರವರೆಗೆ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿ ನಡೆಸಿದರು. ರೋಬೋಟ್‌ಗಳ ಬಗ್ಗೆ ಪುಸ್ತಕ ಬರೆದರು. ಆಮೇಲೆ ತಮ್ಮನ್ನು ಸಾಕಿದ ಬಂಧುಗಳ ಚಿತ್ರ, ಕಾಗದ ಪತ್ರಗಳನ್ನೆಲ್ಲ ಒಪ್ಪ ಮಾಡಿ ಪಟ್ಟಿ ಹಾಕುವ ಕೆಲಸಕ್ಕೆ ಕೂತರು. ಕಂಪ್ಯೂಟರ್ ಕಲೆಯ ಮಹಾರಾಣಿಯಾಗಿ ಕೂರಬಹುದಿತ್ತು, ಕೂರಲಿಲ್ಲ.

ಇಹ್ನಾಟೊವಿಚ್ ಆಮೇಲೆ ಸ್ಯಾಮ್‌ಗಿಂತ ದೊಡ್ಡದೊಂದನ್ನು ಮಾಡಿದರು. ಅದರ ಹೆಸರು ‘ಸೆನ್‌ಸ್ಟರ್’. ನಾಲ್ಕು ಮೀಟರಿಗೂ ಉದ್ದ, ನಡೆಸಲು ಒಂದು ಕಂಪ್ಯೂಟರ್. 1970ರಲ್ಲಿ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ನಿಂತಿತು. ಕೆಲವೇ ವರ್ಷಗಳಲ್ಲಿ ಬಿಚ್ಚಿಹಾಕಿದರು. ಅದರ ಉಕ್ಕಿನ ಅಸ್ಥಿಪಂಜರ ಎಷ್ಟೋ ವರ್ಷ ಬಯಲಲ್ಲಿ ಬಿದ್ದಿತ್ತು. ಕೊನೆಗೆ ಪೋಲೆಂಡಿನ ಕ್ರಾಕೋವ್‌ನ ಎಜಿಎಚ್ ತಾಂತ್ರಿಕ ವಿಶ್ವವಿದ್ಯಾಲಯದವರು 2017ರಲ್ಲಿ ಕೊಂಡು, ಮರುವರ್ಷ ಮತ್ತೆ ಅಲುಗಾಡುವ ಹಾಗೆ ಮಾಡಿದ್ದಾರೆ. ಲಂಡನ್ನಿನಿಂದ ಕ್ರಾಕೋವ್ ದೂರವೇನಲ್ಲ. ಮುಂದಿನ ಸಲ ಬರುವ ನೆಂಟರಿಗೆ ಅರಮನೆಯೋ ಇದೋ ಎಂದು ಕೇಳಬೇಕು. ಉತ್ತರ ಗೊತ್ತಿದೆ, ಆದರೂ ಕೇಳುತ್ತೇನೆ.