ಓ-ಯು-ಜಿ-ಎಚ್ ಪದಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು?

ಓ, ಯು, ಜಿ, ಎಚ್. ಇಂಗ್ಲಿಷ್ ಪದದಲ್ಲಿ ಈ ನಾಲ್ಕಕ್ಷರ ಜೊತೆಯಾಗಿ ಬಂದರೆ ಉಚ್ಚಾರ ಇಂಥದ್ದೇ ಎಂದು ಹೇಳುವಂತಿಲ್ಲ. ಕನ್ನಡ ಮಾಧ್ಯಮದ ತರಗತಿಯಲ್ಲಿ ಈ ಪದಗಳನ್ನೆಲ್ಲ ಒಂದೇ ದಿನ ಬೋರ್ಡಿನ ಮೇಲೆ ಬರೆದರೆ, ಮಕ್ಕಳಿಗೆ ಮೊದಲೇ ಗೊತ್ತಿದ್ದ ಪದಗಳೂ ಕಲಸಿಹೋಗುತ್ತವೆ.

ಕೊನೆಗೆ 'ಟಿ' ಇರುವ ಗುಂಪಿನಿಂದ ಶುರು ಮಾಡಿ. ಬಾಟ್, ಬ್ರಾಟ್, ಫಾಟ್, ಥಾಟ್, ಸಾಟ್: ಇವು ಕ್ರಮವಾಗಿ ಬೈ, ಬ್ರಿಂಗ್, ಫೈಟ್, ಥಿಂಕ್, ಸೀಕ್ ಕ್ರಿಯಾಪದಗಳ ಭೂತಕಾಲ. ಪ್ರಾಸವೂ ಒಂದೇ, ವ್ಯಾಕರಣವೂ ಒಂದೇ. ಈ ಗುಂಪಿಗೆ ಸೇರದೆ ನಿಲ್ಲುವುದು ಬರಗಾಲ ಎನ್ನುವ ಅರ್ಥದ 'ಡ್ರೌಟ್'. ಅದನ್ನು 'ಡ್ರಾಟ್' ಎಂದು ಓದುವವರೇ ಹೆಚ್ಚು. ಬಾಟ್-ಬ್ರಾಟ್ ಅದಲುಬದಲಾಗುವುದು ಮಾಮೂಲು. 'ಬ್ರಿಂಗ್'ನಲ್ಲಿ 'ಆರ್' ಇದೆ, ಆದ್ದರಿಂದ 'ಬ್ರಾಟ್'ನಲ್ಲೂ ಇದೆ. 'ಬೈ'ನಲ್ಲಿ ಇಲ್ಲ, 'ಬಾಟ್'ನಲ್ಲೂ ಇಲ್ಲ. ಇಷ್ಟು ತೋರಿಸಿದರೆ ಸಾಕು.

ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. 'ಬಾಟ್'ನ ಸ್ವರ ನಮ್ಮ 'ಆ' ಅಲ್ಲ, 'ಓ' ಕೂಡ ಅಲ್ಲ, ಎರಡರ ನಡುವಿನದು. ಹಿಂದಿಯಲ್ಲಿ ಇಂಥ ಸ್ವರಕ್ಕೊಂದು ಗುರುತಿದೆ, ನಮ್ಮ ಕಾಗುಣಿತದಲ್ಲಿಲ್ಲ. ಹಾಗಾಗಿ ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ.

ಎರಡನೆಯದು 'ಫ್' ಗುಂಪು: ಕಾಫ್, ರಫ್, ಟಫ್, ಇನಫ್, ಜೊತೆಗೆ ದನಗಳ ಬಾನಿ ಎನ್ನುವ ಅರ್ಥದ ಟ್ರಾಫ್. ಕೆಮ್ಮಿಗೆ 'ಕಾಫ್', ಅಂದರೆ 'ಕಾಫಿ'ಯ ಮೊದಲ ಅರ್ಧ. ಇದನ್ನು ಯಾರೂ ಮರೆಯುವುದಿಲ್ಲ. ಜಿ-ಎಚ್ ಇಲ್ಲಿ 'ಫ್' ಆದದ್ದೇಕೆ ಎಂದು ಚುರುಕಿನ ಮಕ್ಕಳು ಕೇಳಿಯೇ ಕೇಳುತ್ತಾರೆ. ಹಿಂದೆ ಅದು ಗಂಟಲಲ್ಲಿ ಉಜ್ಜಿ ಬರುವ ಧ್ವನಿಯಾಗಿತ್ತು. ಕೆಲವು ಪದಗಳಲ್ಲಿ ಉದುರಿತು, ಕೆಲವದರಲ್ಲಿ 'ಫ್' ಆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ನಂತರ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು, ಆಡುವ ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು.

ನೇಗಿಲಿನ 'ಪ್ಲೌ', ಕಲಸಿದ ಹಿಟ್ಟಿನ 'ಡೋ' ಇವೆರಡನ್ನು ಪಾಠದಲ್ಲಿ ಬಂದಾಗ ಹೇಳಿದರಾಯಿತು. ಅಮೆರಿಕದವರು 'ಪ್ಲೌ' ಪದವನ್ನು ಪಿ-ಎಲ್-ಓ-ಡಬ್ಲ್ಯು ಎಂದೇ ಬರೆಯುತ್ತಾರೆ.

ನಿಜವಾದ ತೊಡಕು ದೋ, ಥ್ರೂ, ಥರೋ ಎಂಬ ಮೂರರದು. ಇವನ್ನು ಬೇರೆ ಬೇರೆ ವಾರಗಳಿಗೆ ಹಂಚಿ. 'ದೋ' ಎಂದರೆ 'ಬಂದರೂ', 'ಇದ್ದರೂ' ಎನ್ನುವಾಗಿನ '-ರೂ'. 'ಥ್ರೂ' ಎಂದರೆ ಹಾದು, ಮೂಲಕ. 'ಥರೋ' ಎಂದರೆ ಕೂಲಂಕಷ. ಅದರಲ್ಲಿ 'ಓ' ಎರಡು ಸಲ ಬರುತ್ತದೆ, ಮಕ್ಕಳು ಬಿಡುವುದು ಮೊದಲನೆಯದನ್ನು. ಬ್ರಿಟಿಷರ ಬಾಯಲ್ಲಿ ಅದು ಹೆಚ್ಚುಕಡಿಮೆ 'ಥರ'. 'ದೋ' ಬಳಸಿದ ವಾಕ್ಯಕ್ಕೆ 'ಬಟ್' ಕೂಡ ಸೇರಿಸುವವರಿಗೆ "ಮಳೆ ಬಂದರೂ ಹೋದೆವು" ಎಂಬ ವಾಕ್ಯ ಕೊಡಿ. ಅಲ್ಲಿ 'ಆದರೆ'ಗೆ ಜಾಗವೆಲ್ಲಿದೆ ಎಂದು ಅವರೇ ಹುಡುಕಲಿ.

ಡಿಕ್ಟೇಶನ್‌ನಲ್ಲಿ ಬಿಡಿ ಪದ ಕೊಡಬೇಡಿ. 'ಥ್ರೋ' ಪದದ ಭೂತಕಾಲ ಕೂಡ ಕಿವಿಗೆ 'ಥ್ರೂ' ಎಂದೇ ಕೇಳುತ್ತದೆ. "ಹಿ ವೆಂಟ್ ಥ್ರೂ ದ ಗೇಟ್" ಎಂದು ಪೂರ್ತಿ ವಾಕ್ಯ ಹೇಳಿದರೆ ಮಾತ್ರ ಯಾವ ಸ್ಪೆಲಿಂಗ್ ಎಂಬುದು ತಿಳಿಯುತ್ತದೆ.