ಟೆನ್ಷನ್ ಮೈಗೆ ಇಳಿದಾಗ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಯಾಂತ್ರಿಕ ದೋಣಿಗಳು ನಮ್ಮ ಉತ್ತರ ಕನ್ನಡದ ಬೈತಖೋಲ, ತದಡಿ ಬಂದರುಗಳಲ್ಲಿ ಕಟ್ಟಿ ನಿಂತಿರುತ್ತವೆ. ಬ್ಯಾಂಕಿನ ಕಂತಿಗೆ ಆ ರಜೆ ಇಲ್ಲ. ಅದೇ ಹೊತ್ತಿಗೆ ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದ ಅಡಿಕೆ ತೋಟಿಗರು ಮುಗಿಲು ನೋಡುತ್ತ ಕೂತಿರುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದು ನಲವತ್ತು ದಿನ ಕಳೆದಿದೆ, ಎರಡನೇ ಸಲಕ್ಕೆ ಹೊಳವು, ಅಂದರೆ ಮಳೆಯ ಬಿಡುವು, ಸಿಗುತ್ತಿಲ್ಲ. ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುತ್ತಿಲ್ಲ. ಇನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ, ಗುಡ್ಡದ ಬುಡದಲ್ಲಿ ಮಲಗುವವರಿಗೆ ರಾತ್ರಿಯ ಜೋರು ಮಳೆ ಬರೀ ಮಳೆಯಾಗಿ ಕೇಳುವುದು ಕಷ್ಟ.

ಇದನ್ನೆಲ್ಲ ನಾವು ‘ಟೆನ್ಷನ್’ ಎಂಬ ಒಂದೇ ಶಬ್ದದಲ್ಲಿ ಹೇಳಿ ಮುಗಿಸುತ್ತೇವೆ, ಅದು ಮನಸ್ಸಿನ ವಿಷಯ ಎಂದು ಮೈಯನ್ನು ಮರೆಯುತ್ತೇವೆ. ಮಳೆ, ದರ, ಸಾಲ ನಮ್ಮ ಕೈಯಲ್ಲಿಲ್ಲ. ಬಿಪಿ, ನಿದ್ದೆ, ಉಸಿರು, ಕವಳ (ಎಲೆಯಡಿಕೆ) ಬಹುಮಟ್ಟಿಗೆ ಕೈಯಲ್ಲಿವೆ. ಹಾಗಾಗಿ ಮೊದಲು ಮೈಯನ್ನು ನೋಡಿಕೊಳ್ಳಿ ಎಂದೇ ನಾನು ಹೇಳುವುದು.

ತೋಟದ ದಾರಿಯಲ್ಲಿ ಹಾವು ಕಂಡರೆ ಏನಾಗುತ್ತದೆ? ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಪಿತ್ತಜನಕಾಂಗ ತನ್ನಲ್ಲಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹಿಂದೆಯೇ ಅದೇ ಗ್ರಂಥಿಗಳ ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ಬಂದು ಆ ಸಕ್ಕರೆ ಇಳಿಯದಂತೆ ನೋಡಿಕೊಳ್ಳುತ್ತದೆ. ಹಾವು ಸರಿದುಹೋದ ಮೇಲೆ ಎಲ್ಲ ಮೊದಲಿನಂತಾಗುತ್ತದೆ. ಸಾಲದ ಕಂತು ಹಾಗೆ ಸರಿದುಹೋಗುವುದಿಲ್ಲ. ತಿಂಗಳುಗಟ್ಟಲೆ ಇದೇ ನಡೆದರೆ ಬಿಪಿ ಏರುತ್ತದೆ, ಇನ್ಸುಲಿನ್ ಕೆಲಸ ಕೆಡುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ಗಾಯ ಮಾಯಲು ತಡವಾಗುತ್ತದೆ. ಕಾರ್ಟಿಸೋಲ್ ಬೆಳಿಗ್ಗೆ ಎದ್ದ ಮೇಲೆ ಹೆಚ್ಚಿದ್ದು ನಡುರಾತ್ರಿಗೆ ತೀರ ಇಳಿಯಬೇಕು. ಆ ಏರಿಳಿತ ತಪ್ಪಿದವರು ದಣಿದಿದ್ದರೂ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ.

ಕುತ್ತಿಗೆ, ಹೆಗಲು ಹಿಡಿದುಕೊಳ್ಳುವುದೂ ಇದರದೇ ಭಾಗ. ಅದಕ್ಕೆ ಮೆಡಿಕಲ್‌ನಿಂದ ನೋವಿನ ಗುಳಿಗೆ ತಂದು ವಾರಗಟ್ಟಲೆ ನುಂಗುವವರು ಒಂದು ತಿಳಿದಿರಬೇಕು: ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ತಾವೇ ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು.

ಬಿಪಿ ನೋಡುವುದರಲ್ಲೇ ಬಹಳ ತಪ್ಪಾಗುತ್ತದೆ. ಬಸ್ಸಿಳಿದು ಏದುಸಿರಿನಲ್ಲಿ ಬಂದು ನೋಡಿಸಿದರೆ ಅಂಕಿ ಹೆಚ್ಚೇ ಬರುತ್ತದೆ. ಮನೆಗೆ ಮಿಷನ್ ತರುವುದಾದರೆ ಮಣಿಕಟ್ಟಿನದು ಬೇಡ, ತೋಳಿಗೆ ಪಟ್ಟಿ ಸುತ್ತುವಂಥದ್ದು ತನ್ನಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ, ಅಂಗಡಿಯಲ್ಲೇ ಅಳತೆ ಕೇಳಿ. ನೋಡುವ ಅರ್ಧ ಗಂಟೆ ಮೊದಲಿನಿಂದ ಚಾ, ಕವಳ, ಬೀಡಿ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆಯೂ ಸಂಜೆಯೂ, ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ರಕ್ತಹೀನತೆಯ ಸುಸ್ತನ್ನು ಟೆನ್ಷನ್ ತಲೆಗೆ ಕಟ್ಟಿ ವರ್ಷ ಕಳೆಯುವ ಹೆಂಗಸರು ಎಷ್ಟೋ ಮಂದಿ. ನಸುಕಿನಲ್ಲೇ ಬಂದರಿಗೆ ಹೋಗುವವರು, ಕೊಟ್ಟಿಗೆ ಕೆಲಸಕ್ಕೆ ಏಳುವವರು ತಮ್ಮ ಸುಸ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಎದೆ ನಡುವೆ ಒತ್ತಿ ಹಿಡಿದಂತಾಗಿ, ಬೆವರು ಬಂದು, ನೋವು ಎಡತೋಳಿಗೋ ದವಡೆಗೋ ಹರಿದರೆ ಅದನ್ನು ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ದಮ್ಮು ಬರಬಹುದು. 108ಕ್ಕೆ ಕರೆ ಮಾಡಿ. ಹೃದಯದ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕಾದ ಜಿಲ್ಲೆ ನಮ್ಮದು. ಮನೆಯಲ್ಲಿ ಕಾದ ಒಂದು ಗಂಟೆ ಆ ದಾರಿಯ ಗಂಟೆಗಳ ಮೇಲೆ ಸೇರುತ್ತದೆ.

ಅಡಿಕೆಯ ನಾಡಿನಲ್ಲಿ ಕವಳದ ಬಗ್ಗೆ ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು. ಚಿಂತೆ ಹೆಚ್ಚಿದ ದಿನ ಕವಳದ ಲೆಕ್ಕವೂ ಹೆಚ್ಚುತ್ತದೆ. ಹಾಕಿದ ಕೂಡಲೇ ಹಗುರ ಅನ್ನಿಸುವುದು ನಿಜ. ಆದರೆ ಅಡಿಕೆ ಮತ್ತು ತಂಬಾಕಿನ ನಿಕೋಟಿನ್ ಎರಡೂ ಎದೆ ಬಡಿತ ಏರಿಸುವಂಥವು. ಹೊತ್ತು ಕಳೆದಂತೆ ನಿಕೋಟಿನ್ ಇಳಿದಾಗ ಆಗುವ ಚಡಪಡಿಕೆಯನ್ನು ನಾವು ಮತ್ತೆ ಟೆನ್ಷನ್ ಎಂದುಕೊಂಡು ಇನ್ನೊಂದು ಕವಳ ಹಾಕುತ್ತೇವೆ. ತಂಬಾಕಿಲ್ಲದ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಮೊದಲು ತಂಬಾಕು ಬಿಡಿ. ಸಿಟ್ಟು, ತಲೆನೋವು ಮೊದಲ ಮೂರ್ನಾಲ್ಕು ದಿನ ಜೋರಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಆಮೇಲೆ ದಿನದ ಮೊದಲ ಕವಳವನ್ನು ವಾರಕ್ಕೆ ಒಂದು ಗಂಟೆಯಂತೆ ಮುಂದೂಡುತ್ತ ಬನ್ನಿ. ಬಾಯಿಗೆ ಏಲಕ್ಕಿಯೋ ಲವಂಗವೋ ಇರಲಿ. ಬಾಯಿ ತೆರೆಯಲು ಬಿಗಿಯಾಗುತ್ತಿದ್ದರೆ, ಖಾರ ತಾಗಿ ಉರಿಯುತ್ತಿದ್ದರೆ ತಡಮಾಡದೆ ತೋರಿಸಿ.

ಉಸಿರಿನ ಅಭ್ಯಾಸಕ್ಕೆ ಖರ್ಚಿಲ್ಲ. ಜಗಲಿಯಲ್ಲಿ ಕೂತು ಒಂದು ಕೈ ಹೊಟ್ಟೆಯ ಮೇಲಿಡಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ಹೊಟ್ಟೆ ಏಳಬೇಕು, ಹೆಗಲು ಏಳಬಾರದು. ಉಸಿರು ಹೊರಗೆ ಹೋಗುವಾಗ ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ, ಅದಕ್ಕೇ ಹೊರಗಿನದು ಉದ್ದ. ತಲೆ ತಿರುಗಿ ತುಟಿ, ಬೆರಳು ಜುಮುಗುಟ್ಟಿದರೆ ನೀವು ತುಂಬ ದೊಡ್ಡ ಉಸಿರು ಎಳೆಯುತ್ತಿದ್ದೀರಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿದೆ ಎಂದರ್ಥ. ಉಸಿರನ್ನು ಸಣ್ಣದು ಮಾಡಿ, ಆದರೆ ಅದೇ ನಿಧಾನಗತಿ ಇರಲಿ. ದಿನಕ್ಕೆ ಎರಡು ಸಲ ಐದೈದು ನಿಮಿಷ ಸಾಕು. ಟೆನ್ಷನ್ ಇಲ್ಲದ ಹೊತ್ತಿನಲ್ಲಿ ಕಲಿತಿದ್ದರೆ ಮಾತ್ರ ಬೇಕಾದ ಹೊತ್ತಿಗೆ ಒದಗುತ್ತದೆ.

ನಿದ್ದೆಗೆ ಏಳುವ ಹೊತ್ತನ್ನು ಗಟ್ಟಿ ಮಾಡಿ, ಮಲಗುವ ಹೊತ್ತು ತಾನಾಗಿ ಸರಿಹೋಗುತ್ತದೆ. ಚಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಮಧ್ಯಾಹ್ನ ಮೂರರ ಮೇಲೆ ಬೇಡ. ಶೆರೆ ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿಯ ಮೇಲೆ ಒಡೆಯುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂತುಕೊಳ್ಳಿ, ಮೊಬೈಲ್ ಬೇಡ. ಬಿಪಿಗಾಗಿ ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನದೂ ಸೇರಿ.

ಸಂಜೆ ಊಟಕ್ಕೆ ಮೊದಲು ಹದಿನೈದು ನಿಮಿಷ ಚಿಂತೆಗಳನ್ನು ಕಾಗದದ ಮೇಲೆ ಬರೆಯಿರಿ. ‘ಮಳೆ ಬಿಡುತ್ತಿಲ್ಲ’ ಎಂಬಲ್ಲಿ ಮಾಡುವುದೇನೂ ಇಲ್ಲ. ‘ಕಂತು’ ಎಂಬಲ್ಲಿ ‘ಸೋಮವಾರ ಮ್ಯಾನೇಜರ್ ಹತ್ತಿರ ಮಾತಾಡುವುದು’ ಎಂದು ಬರೆಯಬಹುದು. ಎರಡು ವಾರಕ್ಕಿಂತ ಹೆಚ್ಚು ಯಾವುದರಲ್ಲೂ ಆಸೆ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕು ಬೇಡ ಅನ್ನಿಸುತ್ತಿದೆ ಎಂದರೆ ಇವು ಯಾವುವೂ ಸಾಲವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾಡಲು ಆಗದವರ ಪರವಾಗಿ ಮನೆಯವರೂ ಕರೆ ಮಾಡಬಹುದು.