ಫಾದರ್ ಕಲಿಸಿದ ಗೋರಿಗಳ ಪಾಠ

ಇತಿಹಾಸ ಎಂ.ಎ.ಯಲ್ಲಿ ನಮಗೆ ಮಧ್ಯಯುಗದ ಯುರೋಪನ್ನು ಪಾಠ ಮಾಡಿದವರು ಒಬ್ಬ ಕಥೋಲಿಕ ಗುರುಗಳು. ವಿಭಾಗದಲ್ಲಿ ಎಲ್ಲರಿಗೂ ಅವರು ಬರೀ 'ಫಾದರ್'. ಚರ್ಚಿನ ಚರಿತ್ರೆಯನ್ನು ಅವರು ಗೋರಿಗಳಿಂದಲೇ ಶುರುಮಾಡುತ್ತಿದ್ದರು. ಆ ಕಾಲದ ಪ್ರತಿ ಗೋರಿಯೂ ಬದುಕಿರುವವರ ಮುಂದಿಟ್ಟ ಅರ್ಜಿ, ಯಾರು ಯಾರನ್ನು ಏನು ಕೇಳುತ್ತಿದ್ದಾರೆ ಎಂದು ಮೊದಲು ನೋಡಿ, ಎನ್ನುತ್ತಿದ್ದರು. ಸತ್ತವರ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆ, ಬಲಿಪೂಜೆ, ದಾನಧರ್ಮ ನೆರವಾಗುತ್ತವೆ ಎಂದು ಕಥೋಲಿಕ ಚರ್ಚಿನ 1274ರ ಲಿಯೋನ್ ಮಹಾಸಭೆ ಸ್ಪಷ್ಟವಾಗಿ ಹೇಳಿತ್ತು. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಮಂಗಳೂರಿನ ಕಡೆಯ ಇಗರ್ಜಿಗಳ ಸಿಮಿತ್ರಿಯಲ್ಲಿ (ಸ್ಮಶಾನದಲ್ಲಿ) ಇವತ್ತಿಗೂ ಮೇಣದಬತ್ತಿ ಉರಿಯುವುದು ಅದೇ ನಂಬಿಕೆಯಿಂದ.

ಅವರು ಹೆಚ್ಚು ಹೊತ್ತು ವಿವರಿಸುತ್ತಿದ್ದುದು ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿರುವ ಮಹಾಧರ್ಮಾಧ್ಯಕ್ಷ ಹೆನ್ರಿ ಚಿಚಿಲಿಯ ಗೋರಿಯನ್ನು. ಅದಕ್ಕೆ ಎರಡು ಅಂತಸ್ತು. ಮೇಲೆ ಕಿರೀಟ, ಪೂಜಾವಸ್ತ್ರ ಧರಿಸಿ ಕೈಜೋಡಿಸಿ ಮಲಗಿದ ಧರ್ಮಾಧ್ಯಕ್ಷ. ಕೆಳಗೆ ಶವದ ಬಟ್ಟೆಯ ಮೇಲೆ ಬತ್ತಲೆಯಾಗಿ ಬಿದ್ದ, ಬತ್ತಿಹೋದ ಅದೇ ಮನುಷ್ಯ. ಬಡವನಾಗಿ ಹುಟ್ಟಿದೆ, ಈ ಪೀಠಕ್ಕೇರಿದೆ, ಈಗ ಬಿದ್ದಿದ್ದೇನೆ, ಹುಳುಗಳಿಗೆ ಆಹಾರವಾಗಲು ಸಿದ್ಧನಾಗಿದ್ದೇನೆ ಎಂಬ ಅರ್ಥದ ಲ್ಯಾಟಿನ್ ಸಾಲು ಅಲ್ಲಿದೆ. ಆತ ತೀರಿಕೊಂಡದ್ದು 1443ರಲ್ಲಿ, ಗೋರಿ ಕಟ್ಟಿಸಿದ್ದು 1420ರ ದಶಕದಲ್ಲೇ. ಅಂದರೆ ಸುಮಾರು ಎರಡು ದಶಕ ಆತ ತನ್ನ ಹೆಣದ ಪ್ರತಿಮೆ ಇದ್ದ ಗುಡಿಯಲ್ಲೇ ಪೂಜೆ ಮಾಡಿದ. 1438ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ ಸೋಲ್ಸ್ ಕಾಲೇಜು ಕಟ್ಟಿದವನೂ ಆತನೇ; ಸತ್ತವರಿಗಾಗಿ ಪ್ರಾರ್ಥಿಸುವುದು ಆ ಕಾಲೇಜಿನ ಕರ್ತವ್ಯಗಳಲ್ಲಿ ಒಂದಾಗಿತ್ತು. ಗೋರಿಯನ್ನು ನೋಡಿಕೊಂಡು ಬಂದದ್ದೂ ಅದೇ ಕಾಲೇಜು. ಹಾಗಾಗಿ ಇಂದು ಕಾಣುವ ಢಾಳಾದ ಬಣ್ಣ ನಂತರ ಬಳಿದದ್ದು. ಅದನ್ನು ನೋಡಿ ಹದಿನೈದನೇ ಶತಮಾನದ ಬಣ್ಣಗಾರಿಕೆಯ ಬಗ್ಗೆ ಬರೆಯಬೇಡಿ ಎಂಬುದು ಫಾದರ್ ಕೊಡುತ್ತಿದ್ದ ಎಚ್ಚರಿಕೆ.

ಹಳ್ಳಿಯ ಚರ್ಚುಗಳ ಗೋರಿಗಳಲ್ಲಿ ಸತ್ತವರ ಆಕೃತಿಗೆ ಕತ್ತರಿಸಿ ಕೂರಿಸಿದ ಹಿತ್ತಾಳೆ ಫಲಕಗಳಿಗೆ ಬೇರೆ ಕ್ರಮ. ಕಲ್ಲಿನಲ್ಲಿ ಗುಂಡಿ ಕೊರೆದು, ರಾಳ ಹಾಕಿ, ಮೊಳೆ ಬಡಿದು ಫಲಕವನ್ನು ಕೂರಿಸುತ್ತಿದ್ದರು. ಫಲಕ ಕಿತ್ತುಹೋಗಿದ್ದರೂ ಗುಂಡಿಯ ಆಕಾರ ನೋಡಿದರೆ ಅಲ್ಲಿದ್ದದ್ದು ಯೋಧನೋ ಪಾದ್ರಿಯೋ ಹೇಳಬಹುದು. ಫಲಕದ ಮೇಲೆ ಕಾಗದ ಹಾಸಿ ಉಜ್ಜಿ ಅಚ್ಚು ತೆಗೆಯುವ ಮುಂಚೆ ಚರ್ಚಿನ ಅನುಮತಿ ಬೇಕು. ಮೆತ್ತನೆ ಬ್ರಷ್ಷಿನಿಂದ ಧೂಳು ಪೂರಾ ತೆಗೆಯಬೇಕು; ಒಂದು ಮರಳಿನ ಕಣ ಉಳಿದರೂ ಕಾಗದ ಹರಿಯುತ್ತದೆ, ಲೋಹಕ್ಕೂ ಗೀರು ಬೀಳುತ್ತದೆ. ಕಾಗದ ಸರಿದಾಡದಂತೆ ಬಿಗಿಯಾಗಿ ಹಿಡಿಸಿ, ಮೇಣಕ್ಕೆ ಮಸಿ ಬೆರೆಸಿ ಮಾಡಿದ ಗಟ್ಟಿಯನ್ನು ಒಂದೇ ಒತ್ತಡದಲ್ಲಿ ಉಜ್ಜಬೇಕು. ಕಾಗದ ಒಂದು ಕೂದಲೆಳೆ ಜರುಗಿದರೂ ಅಕ್ಷರಗಳು ಜೋಡಿಯಾಗಿ ಬೀಳುತ್ತವೆ.

ಬರಹದಲ್ಲಿ ಮೊದಲು ಹುಡುಕಬೇಕಾದದ್ದು 'ಒರಾತೆ ಪ್ರೊ ಆನಿಮಾ', ಆತ್ಮಕ್ಕಾಗಿ ಪ್ರಾರ್ಥಿಸಿರಿ. ಎಷ್ಟೋ ಕಡೆ ಹೆಸರು, ತಾರೀಕು ಹಾಗೇ ಇದ್ದು ಈ ಪದಗಳಷ್ಟೇ ಅಳಿಸಿಹೋಗಿರುತ್ತವೆ. ಅದು ಕಾಲ ಸವೆಸಿದ್ದಲ್ಲ. ಅರ್ಜಿಯೇ ತಪ್ಪು ಎಂದು ನಂಬಿದ ಪ್ರೊಟೆಸ್ಟಂಟರ ಉಳಿ ಅಲ್ಲಿ ಓಡಾಡಿದೆ. 1643-44ರಲ್ಲಿ ಸಫೋಕ್, ಕೇಂಬ್ರಿಜ್‌ಷೈರ್ ಚರ್ಚುಗಳಲ್ಲಿ ಇಂಥ ಬರಹಗಳನ್ನು ಕೀಳಿಸಿದ ವಿಲಿಯಂ ಡೌಸಿಂಗ್ ಅದರ ದಿನಚರಿಯನ್ನೇ ಬರೆದಿಟ್ಟಿದ್ದಾನೆ. ಈ ಭಾಗ ಹೇಳುವಾಗ ಫಾದರ್ ದನಿಯಲ್ಲಿ ನೋವು ಇರುತ್ತಿತ್ತು. ಆದರೂ ಗೋರಿ ಒಡೆಯುವುದನ್ನು ನಿಷೇಧಿಸಿ 1560ರಲ್ಲಿ ಘೋಷಣೆ ಹೊರಡಿಸಿದವಳು ಪ್ರೊಟೆಸ್ಟಂಟ್ ರಾಣಿ ಮೊದಲನೇ ಎಲಿಜಬೆತ್ ಎಂಬುದನ್ನು ಅವರು ಯಾವತ್ತೂ ಬಿಡುತ್ತಿರಲಿಲ್ಲ.

ತಾರೀಕಿನಲ್ಲಿ ಎಡವುವುದು ಸುಲಭ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ. ಫಲಕದಲ್ಲಿ 1420ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ 1421. ಕಾಲು ಅಡ್ಡ ಹಾಕಿ ಮಲಗಿದ ಯೋಧನೆಲ್ಲ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೋದವನು ಎಂಬ ಮಾತಿಗೂ ಆಧಾರವಿಲ್ಲ. ಅದು ಶಿಲ್ಪಿಗಳ ಶೈಲಿ.

ದಂತಕಥೆಗಳ ವಿಷಯದಲ್ಲಿ ಅವರ ಉದಾಹರಣೆ ಎಂಟನೇ ಬೋನಿಫಾಸ್. 1303ರಲ್ಲಿ ಈ ಪೋಪ್ ಹುಚ್ಚು ಹಿಡಿದು ತನ್ನ ಕೈಗಳನ್ನೇ ಕಚ್ಚಿಕೊಂಡು ಸತ್ತರೆಂದು ವೈರಿಗಳು ಹಬ್ಬಿಸಿದ್ದರು. ರೋಮಿನ ಹಳೆಯ ಸಂತ ಪೇತ್ರರ ದೇವಾಲಯವನ್ನು ಕೆಡವುವಾಗ, 1605ರಲ್ಲಿ ಗೋರಿ ತೆರೆಯಬೇಕಾಯಿತು. ಶವ ಬಹುಮಟ್ಟಿಗೆ ಕೆಡದೆ ಉಳಿದಿತ್ತು. ಕೈಗಳಲ್ಲಿ ಕಚ್ಚಿದ ಗುರುತು ಇರಲಿಲ್ಲ. ಇದರಿಂದ ಬೋನಿಫಾಸ್ ಸಂತರಾಗುವುದಿಲ್ಲ, ಆ ಒಂದು ಸುಳ್ಳು ಮಾತ್ರ ಬಿದ್ದುಹೋಗುತ್ತದೆ, ಎಂದು ಹೇಳಿ ಫಾದರ್ ಮುಂದಿನ ಗೋರಿಗೆ ಹೋಗುತ್ತಿದ್ದರು.